ನಸೀಬು ಮತ್ತು ರಜಾ: 1947-48ರ ಯುವಕರ ನೆನಪುಗಳನ್ನು ಓದುವ ಬಗೆ

ಹೈದರಾಬಾದ್ ಸಂಸ್ಥಾನವು ಭಾರತ ಒಕ್ಕೂಟಕ್ಕೆ ಶರಣಾದ 1948ರ ಸೆಪ್ಟೆಂಬರ್ 17ನೆಯ ದಿನವನ್ನು ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಪ್ರತಿವರ್ಷ ಆಚರಿಸಲಾಗುತ್ತದೆ. ಆ ದಿನದ ಹೆಸರಿನ ಬಗೆಗೆ ಈಗಲೂ ಒಮ್ಮತವಿಲ್ಲ. ಕೆಲವರಿಗೆ ಅದು ವಿಮೋಚನೆ, ಕೆಲವರಿಗೆ ವಿಲೀನ, ಹಳ್ಳಿಯ ಹಿರಿಯರ ಬಾಯಲ್ಲಿ 'ಪೊಲೀಸ್ ಆಕ್ಷನ್'. ಹೆಸರು ಯಾವುದಾದರೂ, ಆಚರಣೆಯಲ್ಲಿ ನೆನಪಿಸಿಕೊಳ್ಳಲಾಗುವವರು ಮಾತ್ರ ಎರಡೇ ಬಗೆಯವರು: ಹೋರಾಡಿದವರು ಮತ್ತು ಹಾವಳಿಗೆ ಬಲಿಯಾದವರು. ಈ ಎರಡು ಗುಂಪುಗಳ ನಡುವೆ ಒಂದು ದೊಡ್ಡ ಜನಸಮೂಹವಿತ್ತು. 1947-48ರಲ್ಲಿ ಹದಿನೆಂಟರಿಂದ ಇಪ್ಪತ್ತೈದರ ವಯಸ್ಸಿನಲ್ಲಿದ್ದು, ಯಾವುದಾದರೊಂದು ಪಕ್ಷವನ್ನು ಸೇರಬೇಕೆಂಬ ಒತ್ತಡವನ್ನು ಎದುರಿಸಿ, ಸೇರಿದ ಅಥವಾ ಸೇರದೆ ಉಳಿದ, ಊರು ಬಿಟ್ಟ ಅಥವಾ ಅಡಗಿ ಕುಳಿತ ಸಾಮಾನ್ಯ ಯುವಕರ ಸಮೂಹವದು. ಅವರ ನೆನಪುಗಳು ಕನ್ನಡ ಸಂಶೋಧನೆಯ ಕಣ್ಣಿಗೆ ಇನ್ನೂ ಸರಿಯಾಗಿ ಬಿದ್ದಿಲ್ಲ. ಹಳೆಯ ಕಲಬುರಗಿ ಜಿಲ್ಲೆಯ ಪೂರ್ವಭಾಗದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗಳನ್ನು ಒಂದು ಪರಿಸರವೆಂದು ಪರಿಗಣಿಸಿ ಈ ನೆನಪುಗಳನ್ನು ಯಾವ ಪ್ರಶ್ನೆಗಳ ಮೂಲಕ ಓದಬೇಕು ಎಂಬುದನ್ನು ಚರ್ಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

1. ಲಾಟರಿಯ ನೆನಪು: ಒಂದು ಹೋಲಿಕೆ

ಯುದ್ಧಕಾಲದಲ್ಲಿ ಯುವಕರ ಬದುಕು ತಮ್ಮ ಕೈಯಲ್ಲಿಲ್ಲದ ತೀರ್ಮಾನಕ್ಕೆ ಒಳಪಡುವುದರ ಅತ್ಯಂತ ಸ್ಪಷ್ಟವಾದ ಉದಾಹರಣೆ ಕಡ್ಡಾಯ ಸೇನಾಭರ್ತಿಯ ಲಾಟರಿ. ವಿಯೆಟ್ನಾಂ ಯುದ್ಧದ ಸಂದರ್ಭದಲ್ಲಿ ಅಮೆರಿಕದ ಸರ್ಕಾರವು 1969ರ ಡಿಸೆಂಬರ್ 1ರಂದು ವಾಷಿಂಗ್ಟನ್ನಿನಲ್ಲಿ ಇಂಥ ಲಾಟರಿಯನ್ನು ನಡೆಸಿತು. ವರ್ಷದ 366 ದಿನಾಂಕಗಳನ್ನು ಚೀಟಿಗಳಲ್ಲಿ ಬರೆದು, ಪ್ಲಾಸ್ಟಿಕ್ ಗುಳಿಗೆಗಳಲ್ಲಿ ಇಟ್ಟು, ಗಾಜಿನ ಪಾತ್ರೆಯಿಂದ ಒಂದೊಂದಾಗಿ ಎತ್ತಲಾಯಿತು. ಮೊದಲು ಬಂದ ದಿನಾಂಕ ಸೆಪ್ಟೆಂಬರ್ 14, ಕೊನೆಯದು ಜೂನ್ 8. 1944ರಿಂದ 1950ರವರೆಗೆ ಹುಟ್ಟಿದ ಯುವಕರಿಗೆ ಅಂದು ಬಂದ ಸಂಖ್ಯೆಯೇ ಭವಿಷ್ಯವನ್ನು ನಿರ್ಧರಿಸುವ ಸಂಖ್ಯೆಯಾಯಿತು. ಆ ಸುತ್ತಿನಲ್ಲಿ 195ರವರೆಗಿನ ಸಂಖ್ಯೆಯವರಿಗೆ ಕರೆ ಬಂದಿತು. ಆಸ್ಟ್ರೇಲಿಯವೂ 1960ರ ದಶಕದ ಮಧ್ಯಭಾಗದಿಂದ 1972ರವರೆಗೆ ಹುಟ್ಟಿದ ದಿನಾಂಕದ ಗೋಲಿಗಳನ್ನು ಎತ್ತುವ ಮೂಲಕ ಯುವಕರನ್ನು ಸೇನೆಗೆ ಕರೆಯಿತು.

ಈ ಹೋಲಿಕೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಲಾಟರಿಯು ನೆನಪಿಗೆ ಒಂದು ಆಕಾರವನ್ನು ಕೊಡುತ್ತದೆ. ಒಂದು ದಿನಾಂಕ, ಒಂದು ಸಂಖ್ಯೆ, ಆ ರಾತ್ರಿ ಯಾರೊಡನೆ ಕುಳಿತು ಕೇಳಿದೆನೆಂಬ ಸಂಗತಿ ಇವುಗಳ ಸುತ್ತ ಆ ಪೀಳಿಗೆಯ ನೆನಪು ಸಂಘಟಿತವಾಗಿದೆ. ಸೇನೆಗೆ ಹೋದವನೂ ಹೋಗದವನೂ ದೇಶ ಬಿಟ್ಟವನೂ ತನ್ನ ಸಂಖ್ಯೆಯಿಂದಲೇ ಕಥೆಯನ್ನು ಆರಂಭಿಸಬಲ್ಲನು. ಎರಡನೆಯದು ಇನ್ನೂ ಮುಖ್ಯವಾದುದು. ಆ ಲಾಟರಿ ಹೊರನೋಟಕ್ಕೆ ಕಂಡಷ್ಟು ನಿಷ್ಪಕ್ಷಪಾತವಾಗಿರಲಿಲ್ಲ. ಗುಳಿಗೆಗಳನ್ನು ತಿಂಗಳ ಕ್ರಮದಲ್ಲಿ ತುಂಬಿ ಸಾಕಷ್ಟು ಕಲಸದೆ ಇದ್ದುದರಿಂದ ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರಿಗೆ ಮುಂಚಿನ ಸಂಖ್ಯೆಗಳು ಹೆಚ್ಚಾಗಿ ಬಂದವೆಂಬುದನ್ನು ಸಂಖ್ಯಾಶಾಸ್ತ್ರಜ್ಞರು ಆಗಲೇ ತೋರಿಸಿದರು. ಕಾಲೇಜಿನಲ್ಲಿ ಓದುವವರಿಗೆ ಮುಂದೂಡಿಕೆಯ ಅವಕಾಶವಿದ್ದುದರಿಂದ ಬಡವರ ಮಕ್ಕಳ ಮೇಲೆ ಹೊರೆ ಹೆಚ್ಚು ಬಿದ್ದಿತು. ವಿಧಿಯೆಂದು ತೋರಿದ ವ್ಯವಸ್ಥೆಯ ಒಳಗೆ ಮನುಷ್ಯನ ಕೈಯೂ ಸಮಾಜದ ಶ್ರೇಣಿಯೂ ಇದ್ದವು.

ಹೈದರಾಬಾದ್ ಸಂಸ್ಥಾನದಲ್ಲಿ ಇಂಥ ಲಾಟರಿ ನಡೆಯಲಿಲ್ಲ. ಗಾಜಿನ ಪಾತ್ರೆಯಿರಲಿಲ್ಲ, ಚೀಟಿಯಿರಲಿಲ್ಲ, ಸಂಖ್ಯೆಯಿರಲಿಲ್ಲ. ಆದರೆ ಯಾವ ಊರಿನಲ್ಲಿ, ಯಾವ ಧರ್ಮ ಮತ್ತು ಜಾತಿಯಲ್ಲಿ, ಯಾವ ರೈಲು ನಿಲ್ದಾಣದ ಸಮೀಪದಲ್ಲಿ ಹುಟ್ಟಿದನೆಂಬುದು ಒಬ್ಬ ಯುವಕನ ಪಾಲಿಗೆ ಏನು ಬರುತ್ತದೆಂಬುದನ್ನು ಬಹುಮಟ್ಟಿಗೆ ನಿರ್ಧರಿಸಿತು. ಚೀಟಿಯಿಲ್ಲದ ಈ ಸರದಿಯನ್ನು ಗುರುತಿಸದೆ ಆ ಕಾಲದ ನೆನಪುಗಳನ್ನು ಕೇವಲ ಶೌರ್ಯದ ಅಥವಾ ಕೇವಲ ಸಂಕಟದ ಕಥನವಾಗಿ ಓದುವುದು ಅಪೂರ್ಣ ಓದಾಗುತ್ತದೆ.

2. ಎರಡು ಪದಗಳು

ಕಲಬುರಗಿ ಸೀಮೆಯ ಕನ್ನಡದಲ್ಲಿ ನಿತ್ಯ ಬಳಕೆಯಲ್ಲಿರುವ ಎರಡು ಪದಗಳು ಈ ಚರ್ಚೆಗೆ ಪ್ರವೇಶವನ್ನು ಒದಗಿಸುತ್ತವೆ. ಒಂದು 'ನಸೀಬು'. ಅರಬ್ಬಿ ಮೂಲದಲ್ಲಿ ಇದರ ಅರ್ಥ ಪಾಲು, ಒಬ್ಬನಿಗೆ ಹಂಚಿಕೆಯಲ್ಲಿ ಬಂದ ಭಾಗ. ಕನ್ನಡದಲ್ಲಿ ಅದು ಹಣೆಬರಹಕ್ಕೆ ಸಮಾನಪದವಾಗಿದೆ. ಇನ್ನೊಂದು 'ರಜಾ'. ಮೂಲದಲ್ಲಿ ಸಮ್ಮತಿ, ಒಪ್ಪಿಗೆ ಎಂಬ ಅರ್ಥವುಳ್ಳ ಈ ಪದ ಅಪ್ಪಣೆಯೆಂಬ ಅರ್ಥದ ಮೂಲಕ ಬಿಡುವು ಎಂಬ ಅರ್ಥಕ್ಕೆ ಸರಿದು ಕನ್ನಡದ 'ರಜೆ'ಯಾಗಿದೆ. ಇದೇ ಪದದಿಂದ ಆದ 'ರಜಾಕಾರ' ಎಂಬುದಕ್ಕೆ ಸ್ವಂತ ಇಚ್ಛೆಯಿಂದ ಕೆಲಸಕ್ಕೆ ಬಂದವನು, ಅಂದರೆ ಸ್ವಯಂಸೇವಕ ಎಂಬುದೇ ನಿಜವಾದ ಅರ್ಥ. 1948ರ ನಂತರ ಕನ್ನಡದಲ್ಲಿ ಆ ಪದ ಮೂಲಾರ್ಥವನ್ನು ಪೂರ್ತಿ ಕಳೆದುಕೊಂಡು ಕ್ರೌರ್ಯದ ಪರ್ಯಾಯಪದವಾಯಿತು. 'ರಜಾಕಾರರ ಹಾವಳಿ' ಎಂಬುದು ಕಾಲಗಣನೆಯ ಗುರುತೂ ಆಯಿತು. ಜನನದ ದಾಖಲೆಯಿಲ್ಲದ ಎಷ್ಟೋ ಹಿರಿಯರ ವಯಸ್ಸನ್ನು ಇಂದಿಗೂ ಆ ಹಾವಳಿಯ ಮುಂಚೆ ಅಥವಾ ನಂತರ ಎಂದೇ ಎಣಿಸಲಾಗುತ್ತದೆ.

ಗಮನಿಸಬೇಕಾದ ಸಂಗತಿಯೆಂದರೆ, ಆ ಕಾಲದ ಯುವಕರ ಅನುಭವವು ಈ ಎರಡು ಪದಗಳ ನಡುವೆ ಇದೆ. ಎಷ್ಟು ಭಾಗ ನಸೀಬು, ಎಷ್ಟು ಭಾಗ ರಜಾ? ಅಂದರೆ, ಆ ಯುವಕ ಮಾಡಿದುದರಲ್ಲಿ ಪಾಲಿಗೆ ಬಂದುದೆಷ್ಟು, ಒಪ್ಪಿ ಮಾಡಿದುದೆಷ್ಟು? ನೆನಪು ತನ್ನನ್ನು ಸಮರ್ಥಿಸಿಕೊಳ್ಳುವಾಗ ಈ ಲೆಕ್ಕವನ್ನು ಬದಲಿಸುತ್ತದೆ. ಗೌರವ ದೊರೆಯುವಲ್ಲಿ ಎಲ್ಲವೂ ಸ್ವಂತ ಇಚ್ಛೆಯಾಗುತ್ತದೆ, ಅಪಮಾನ ಎದುರಾಗುವಲ್ಲಿ ಎಲ್ಲವೂ ನಸೀಬಾಗುತ್ತದೆ. ಗಡಿ ಶಿಬಿರಕ್ಕೆ ಹೋದವನು 'ಹೋದೆ' ಎನ್ನುತ್ತಾನೆ, ರಜಾಕಾರರ ದಳಕ್ಕೆ ಸೇರಿದವನ ಮನೆಯವರು 'ಸೇರಿಸಿದರು' ಎನ್ನುತ್ತಾರೆ. ಕರ್ತರಿ ಮತ್ತು ಪ್ರೇರಣಾರ್ಥಕ ರೂಪಗಳ ನಡುವಿನ ಈ ವ್ಯತ್ಯಾಸವನ್ನು ಗುರುತಿಸುವ ಸಿದ್ಧತೆ ಇತಿಹಾಸ ವಿಭಾಗಗಳಿಗಿಂತ ಭಾಷೆ ಮತ್ತು ಸಾಹಿತ್ಯದ ವಿಭಾಗಗಳಿಗೆ ಹೆಚ್ಚಾಗಿ ಇರಬೇಕು. ಆದ್ದರಿಂದಲೇ ಇದು ಕನ್ನಡ ಸಂಶೋಧನೆಯ ಹೊಣೆಯೂ ಹೌದು.

3. ಐದು ಊರುಗಳು, ಐದು ಪಾಲುಗಳು

1947ರ ಜೂನ್ ತಿಂಗಳಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಯಾವ ಒಕ್ಕೂಟಕ್ಕೂ ಸೇರದೆ ಸ್ವತಂತ್ರನಾಗಿ ಉಳಿಯುವ ನಿರ್ಧಾರವನ್ನು ಪ್ರಕಟಿಸಿದನು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಸ್ವಾಮಿ ರಮಾನಂದ ತೀರ್ಥರ ನಾಯಕತ್ವದಲ್ಲಿ ಆಗಸ್ಟ್ ತಿಂಗಳಿನಿಂದ ಒಕ್ಕೂಟ ಸೇರ್ಪಡೆಯ ಚಳವಳಿಯನ್ನು ಆರಂಭಿಸಿತು. ಅದೇ ವರ್ಷ ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದವಾಯಿತಾದರೂ ಕಾಸಿಂ ರಜ್ವಿಯ ನಾಯಕತ್ವದ ರಜಾಕಾರರ ದಳಗಳು ಬೆಳೆಯುತ್ತಲೇ ಹೋದವು. ಸ್ಟೇಟ್ ಕಾಂಗ್ರೆಸ್ಸಿನ ಕಾರ್ಯಕರ್ತರು ಮುಂಬಯಿ ಮತ್ತು ಮದರಾಸು ಪ್ರಾಂತಗಳ ಗಡಿಯಲ್ಲಿ ಶಿಬಿರಗಳನ್ನು ಸ್ಥಾಪಿಸಿದರು. ಅಳವಂಡಿ ಶಿವಮೂರ್ತಿಸ್ವಾಮಿಯವರ ನೇತೃತ್ವದ ಮುಂಡರಗಿ ಶಿಬಿರ ಇವುಗಳಲ್ಲಿ ಪ್ರಸಿದ್ಧವಾದುದು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ಹತ್ಯಾಕಾಂಡ ನಡೆಯಿತು. ಅದೇ ತಿಂಗಳು ಕಲಬುರಗಿಯ ಪಶ್ಚಿಮಕ್ಕಿರುವ ಗಾಣಗಾಪುರ ನಿಲ್ದಾಣದಲ್ಲಿ ರೈಲಿನ ಮೇಲೆ ದಾಳಿಯಾಯಿತು. ಸೆಪ್ಟೆಂಬರ್ 13ರಂದು ಭಾರತ ಸೇನೆ ಗಡಿ ದಾಟಿತು, 17ರಂದು ನಿಜಾಮನ ಸರ್ಕಾರ ಶರಣಾಯಿತು.

ಈ ಘಟನಾವಳಿ ಪಠ್ಯಪುಸ್ತಕಗಳಲ್ಲಿಯೂ ಇದೆ. ಪಠ್ಯಪುಸ್ತಕದಲ್ಲಿ ಇಲ್ಲದಿರುವುದು ಸ್ಥಳದ ಪಾತ್ರ. ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿಗಳ ಮೂಲಕ ಬಂದ ರೈಲುಮಾರ್ಗ ಶಹಾಬಾದ್, ವಾಡಿಗಳನ್ನು ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಸೇರಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ಮಾರ್ಗ ತೆರೆಯಿತು. ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರುಗಳು ಈ ಎರಡನೆಯ ಮಾರ್ಗದಲ್ಲಿವೆ. ವಾಡಿ ಜಂಕ್ಷನ್ನಿನಲ್ಲಿ ನಿಂತ ಯುವಕನ ಮುಂದೆ ಮೂರು ದಿಕ್ಕುಗಳಿದ್ದವು. ಪಶ್ಚಿಮಕ್ಕೆ ಹೋದರೆ ಸೊಲ್ಲಾಪುರದ ಗಡಿ, ದಕ್ಷಿಣಕ್ಕೆ ಹೋದರೆ ರಾಯಚೂರು ದಾಟಿ ಮದರಾಸು ಪ್ರಾಂತದ ಗಡಿ, ಪೂರ್ವಕ್ಕೆ ಹೋದರೆ ರಾಜಧಾನಿ. ಶಹಾಬಾದಿನವನಿಗೂ ಪಶ್ಚಿಮದ ಗಡಿ ತಲುಪುವುದು ಸಾಧ್ಯವಿತ್ತು. ಆದರೆ ಜಂಕ್ಷನ್ನಿನಲ್ಲಿಯೇ ಕಾವಲೂ ತಪಾಸಣೆಯೂ ಸುಲಭವೆಂಬುದನ್ನು ಮರೆಯಬಾರದು. ರೈಲು ದಾರಿ ತೆರೆಯುವಂತೆಯೇ ಮುಚ್ಚುತ್ತದೆ.

ಸೇಡಂ ಮತ್ತು ಚಿತ್ತಾಪುರಗಳ ಯುವಕನ ಸ್ಥಿತಿ ಭಿನ್ನ. ಅವನ ಊರಿನ ರೈಲು ಅವನನ್ನು ಒಂದು ಕಡೆ ವಾಡಿಗೆ, ಇನ್ನೊಂದು ಕಡೆ ಸಂಸ್ಥಾನದ ಒಳಭಾಗಕ್ಕೆ ಒಯ್ಯುತ್ತಿತ್ತು. ಗಡಿ ಶಿಬಿರಗಳಿದ್ದುದು ಬಹುಮಟ್ಟಿಗೆ ಪಶ್ಚಿಮ ಮತ್ತು ದಕ್ಷಿಣದಲ್ಲಿ. ಅಲ್ಲಿಗೆ ಹೋಗಲು ಇಡೀ ಜಿಲ್ಲೆಯನ್ನು ಅಡ್ಡ ಹಾಯಬೇಕಾಗಿತ್ತು. ಚಿಂಚೋಳಿಗೆ ರೈಲೇ ಇರಲಿಲ್ಲ. ಮುಲ್ಲಾಮಾರಿ ನದಿಯ ಆಚೀಚೆ, ಕೊಂಚಾವರಂ ಕಡೆಯ ಗುಡ್ಡಕಾಡಿನಲ್ಲಿ ಅಡಗುವುದು ಸಾಧ್ಯವಿತ್ತು, ದೂರ ಹೋಗುವುದು ಕಷ್ಟವಿತ್ತು. ಭಾರತ ಸೇನೆಯ ಮುಖ್ಯ ದಂಡು ಸಾಗಿದ ಸೊಲ್ಲಾಪುರ-ಹೈದರಾಬಾದ್ ರಸ್ತೆ ಹುಮನಾಬಾದ್, ಜಹೀರಾಬಾದ್‌ಗಳ ಮೂಲಕ, ಅಂದರೆ ಚಿಂಚೋಳಿ ತಾಲ್ಲೂಕಿನ ಉತ್ತರದ ಮಗ್ಗುಲಲ್ಲಿಯೇ ಹೋಗುತ್ತದೆ. ಶಹಾಬಾದಿನಲ್ಲಿ 1920ರ ದಶಕದಿಂದ ಸಿಮೆಂಟ್ ಕಾರ್ಖಾನೆಯಿದ್ದು, ಕಲ್ಲುಗಣಿಗಳೂ ಇದ್ದುದರಿಂದ ಅಲ್ಲಿನ ಯುವಕ ಕೃಷಿಕನಾಗಿರದೆ ಕೂಲಿಕಾರನಾಗಿರುವ ಸಂಭವವಿತ್ತು. ಊರು ಬಿಟ್ಟರೆ ದಿನಗೂಲಿಯೂ ಹೋಗುತ್ತಿತ್ತು.

ಹೀಗೆ ಕೆಲವೇ ಹರದಾರಿಗಳ ಅಂತರದಲ್ಲಿರುವ ಐದು ಊರುಗಳಲ್ಲಿ 'ಹೋಗಬಹುದಾಗಿದ್ದವನು' ಮತ್ತು 'ಹೋಗಲಾರದವನು' ಬೇರೆ ಬೇರೆಯಾಗಿದ್ದರು. ಮುಂಡರಗಿಯ ಸುತ್ತಣ ನೆನಪುಗಳಿಂದ ರೂಪುಗೊಂಡ ಹೋರಾಟದ ಕಥನವನ್ನು ಅಳತೆಗೋಲಾಗಿಸಿ ಸೇಡಂ ಅಥವಾ ಚಿಂಚೋಳಿಯಲ್ಲಿ 'ಹೋರಾಟ ಕಡಿಮೆ'ಯೆಂದು ತೀರ್ಮಾನಿಸುವುದು ಭೂಗೋಳವನ್ನು ಮರೆತ ತೀರ್ಮಾನವಾಗುತ್ತದೆ. ಗಡಿಯಿಂದ ದೂರದಲ್ಲಿದ್ದವನು ಊರಿನಲ್ಲಿಯೇ ಉಳಿದು ದಿನಗಳನ್ನು ಕಳೆದುದು ಹೇಡಿತನವೆಂದು ಮೊದಲೇ ನಿರ್ಧರಿಸಿ ಕೇಳುವ ಸಂಶೋಧಕನಿಗೆ ಆ ದಿನಗಳು ಹೇಗಿದ್ದವೆಂಬುದು ಎಂದಿಗೂ ತಿಳಿಯುವುದಿಲ್ಲ.

4. ಅರ್ಜಿಯ ನಮೂನೆಯಲ್ಲಿ ಸಿಕ್ಕ ನೆನಪು

ನಾಯಕರು ತಮ್ಮ ನೆನಪುಗಳನ್ನು ಬರೆದರು. ರಮಾನಂದ ತೀರ್ಥರು 1967ರಲ್ಲಿ, ಭಾರತ ಸರ್ಕಾರದ ಪ್ರತಿನಿಧಿಯಾಗಿದ್ದ ಕೆ. ಎಂ. ಮುನ್ಷಿಯವರು 1957ರಲ್ಲಿ ತಮ್ಮ ಗ್ರಂಥಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ನಿಜಾಮನ ಸೇನಾಪತಿ ಎಲ್ ಎದ್ರೂಸ್ ಅವರ ನೆನಪುಗಳೂ ಇಂಗ್ಲಿಷಿನಲ್ಲಿಯೇ ಬಂದಿವೆ. ಹಳ್ಳಿಯ ಯುವಕರು ಬರೆಯಲಿಲ್ಲ. ಅವರ ನೆನಪು ಬರವಣಿಗೆಗೆ ಇಳಿದ ಮುಖ್ಯ ಸಂದರ್ಭ ಸ್ವಾತಂತ್ರ್ಯ ಯೋಧರ ಪಿಂಚಣಿಯ ಅರ್ಜಿ. ಕೇಂದ್ರ ಸರ್ಕಾರವು 1972ರಲ್ಲಿ ಆರಂಭಿಸಿ 1980ರಲ್ಲಿ ವಿಸ್ತರಿಸಿದ ಈ ಯೋಜನೆಯಲ್ಲಿ ಮುಂದೆ ಹೈದರಾಬಾದ್ ವಿಲೀನದ ಚಳವಳಿಯೂ ಗಡಿ ಶಿಬಿರಗಳೂ ಸೇರಿದವು. ಅರ್ಹತೆಗೆ ಆರು ತಿಂಗಳ ಸೆರೆವಾಸ ಅಥವಾ ಅಷ್ಟೇ ಅವಧಿಯ ಅಜ್ಞಾತವಾಸ ಬೇಕಾಗಿತ್ತು. ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಸೆರೆವಾಸದ ಅವಧಿ ಮೂರು ತಿಂಗಳು. ದಾಖಲೆಯಿಲ್ಲದಲ್ಲಿ ಸಹಕೈದಿಗಳ ಅಥವಾ ಮಾನ್ಯತೆ ಪಡೆದ ಯೋಧರ ಪ್ರಮಾಣಪತ್ರ ಬೇಕಿತ್ತು.

ಯೋಜನೆಯ ಉದ್ದೇಶ ಗೌರವಯುತವಾದುದು. ಆದರೆ ಅರ್ಜಿಯೊಂದು ನೆನಪಿಗೆ ಏನು ಮಾಡುತ್ತದೆಂಬುದು ಸಂಶೋಧನೆಯ ಪ್ರಶ್ನೆ. ಅರ್ಜಿಯ ನಮೂನೆ 'ಏನು ಮಾಡಿದೆ?' ಎಂದು ಮಾತ್ರ ಕೇಳುತ್ತದೆ. 'ಯಾವುದಕ್ಕೆ ಹೆದರಿದೆ, ಯಾರು ಕರೆದರು, ಬೇಡವೆನ್ನಲು ಸಾಧ್ಯವಿತ್ತೇ' ಎಂದು ಕೇಳುವುದಿಲ್ಲ. ಐದು ತಿಂಗಳು ಅಲೆದು ಮನೆಗೆ ಮರಳಿದವನ ನೆನಪಿಗೆ ಅಲ್ಲಿ ಜಾಗವಿಲ್ಲ. ಬಂಧುಗಳ ಮನೆಯಲ್ಲಿ ಸುಮ್ಮನೆ ಅಡಗಿದ್ದವನು ಅರ್ಜಿಯ ಭಾಷೆಯಲ್ಲಿ 'ಭೂಗತ ಕಾರ್ಯಕರ್ತ'ನಾಗಬೇಕು, ಇಲ್ಲವೇ ಏನೂ ಆಗಬಾರದು. ನೆರೆಯ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಹೈದರಾಬಾದ್ ಚಳವಳಿಯ ಹೆಸರಿನಲ್ಲಿ ಸುಳ್ಳು ದಾಖಲೆಗಳಿಂದ ಪಿಂಚಣಿ ಪಡೆದ ಆರೋಪ 2005ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅಂಥ ಪ್ರಕರಣಗಳನ್ನು ಕೇವಲ ವಂಚನೆಯೆಂದು ಬದಿಗೆ ಸರಿಸಿದರೆ ಸಾಲದು. ಪ್ರಾಮಾಣಿಕವಾದ ಅರ್ಜಿಗಳಲ್ಲಿಯೂ ನಮೂನೆಯ ಒತ್ತಡ ಕೆಲಸ ಮಾಡಿರುತ್ತದೆ. ಒಂದೇ ಬಗೆಯ ವಾಕ್ಯ, ಒಂದೇ ಬಗೆಯ ಸಾಹಸ, ಒಂದೇ ಕ್ರಮದ ಘಟನೆಗಳು ಹಲವರ ನೆನಪಿನಲ್ಲಿ ಕಾಣಿಸಿಕೊಂಡಾಗ ಅದನ್ನು ಅನುಭವದ ಸಾಮ್ಯವೆಂದು ಕೂಡಲೇ ಒಪ್ಪದೆ, ಬರವಣಿಗೆಯ ಸಾಮ್ಯವಿರಬಹುದೇ ಎಂದು ಪರಿಶೀಲಿಸಬೇಕು. ಶಾಸನಗಳ ಒಕ್ಕಣೆಯಲ್ಲಿ ರೂಢಿಯ ಮಾತನ್ನು ಬೇರ್ಪಡಿಸಿ ಸಂಗತಿಯನ್ನು ಹುಡುಕುವ ವಿಧಾನ ಕನ್ನಡ ಸಂಶೋಧನೆಗೆ ಹೊಸದಲ್ಲ. ಅದೇ ವಿಧಾನವನ್ನು ಇಲ್ಲಿಗೂ ಅನ್ವಯಿಸಬೇಕಾಗಿದೆ.

5. ಆಚರಣೆಯ ಹೊರಗುಳಿದವರು

ಹೋರಾಟಗಾರ ಮತ್ತು ಸಂತ್ರಸ್ತ ಎಂಬ ಎರಡು ಚೌಕಟ್ಟುಗಳ ಹೊರಗೆ ಉಳಿದವರಲ್ಲಿ ಮೊದಲಿಗರು ಈ ಭಾಗದ ಮುಸ್ಲಿಂ ಯುವಕರು. ರಜಾಕಾರರ ದಳಕ್ಕೆ ಸೇರಿದವರೆಲ್ಲ ಒಂದೇ ಕಾರಣಕ್ಕೆ ಸೇರಿದರೆನ್ನುವಂತಿಲ್ಲ. ನಂಬಿಕೆ, ಸಂಬಳದ ಆಸೆ, ಊರಿನ ಅಧಿಕಾರಿಯ ಮಾತು, ಗೆಳೆಯರ ಒತ್ತಾಯ, ಹೆದರಿಕೆ ಇವೆಲ್ಲವನ್ನೂ ಕಾರಣಗಳಾಗಿ ಪರಿಶೀಲಿಸಬೇಕಾಗುತ್ತದೆ. ಸೇರದೆ ಉಳಿದವರೂ ಇದ್ದರು. ಸಂಸ್ಥಾನದ ಮುಸ್ಲಿಮರಲ್ಲಿಯೇ ರಜಾಕಾರರನ್ನು ಬಹಿರಂಗವಾಗಿ ವಿರೋಧಿಸಿದ ಪತ್ರಕರ್ತ ಶೋಯೆಬುಲ್ಲಾ ಖಾನ್ 1948ರ ಆಗಸ್ಟ್ ತಿಂಗಳಲ್ಲಿ ಹೈದರಾಬಾದಿನಲ್ಲಿ ಕೊಲೆಯಾದರು. ಆಗ ಅವರಿನ್ನೂ ತರುಣರು. ಹಳ್ಳಿಗಳಲ್ಲಿ ಒಲ್ಲೆನೆಂದವರ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲ.

ಸೆಪ್ಟೆಂಬರ್ ಕಾರ್ಯಾಚರಣೆಯ ನಂತರ ಈ ವ್ಯತ್ಯಾಸಕ್ಕೆ ಬೆಲೆಯೇ ಉಳಿಯಲಿಲ್ಲ. ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರ ತಂಡವು 1948ರ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಸಂಸ್ಥಾನದಲ್ಲಿ ಸಂಚರಿಸಿ ಸಲ್ಲಿಸಿದ ವರದಿಯಲ್ಲಿ, ಕಾರ್ಯಾಚರಣೆಯ ಸಮಯದಲ್ಲಿ ಮತ್ತು ಅನಂತರ ಪ್ರಾಣ ಕಳೆದುಕೊಂಡವರ ಸಂಖ್ಯೆ 27,000ದಿಂದ 40,000ದವರೆಗೆ ಇರಬಹುದೆಂದು ಅಂದಾಜು ಮಾಡಲಾಗಿದೆ. ಅತಿ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸುವುದು ಉಸ್ಮಾನಾಬಾದ್, ಗುಲಬರ್ಗಾ, ಬೀದರ ಮತ್ತು ನಾಂದೇಡಗಳನ್ನು. ದಶಕಗಳ ಕಾಲ ಈ ವರದಿ ಪ್ರಕಟವಾಗಲಿಲ್ಲ. ರಜಾಕಾರರಿಂದ ಮನೆಮಠ ಕಳೆದುಕೊಂಡವರ ಸಂಕಟ ನಿಜವಾದುದು. ಗೋರ್ಟಾದ ಸಾವುಗಳನ್ನು ಯಾವ ವಾದವೂ ಹಗುರಗೊಳಿಸಲಾರದು. ಹಾಗೆಯೇ ಗುಲಬರ್ಗಾ ಜಿಲ್ಲೆಯ ಹೆಸರು ಸುಂದರಲಾಲ್ ವರದಿಯಲ್ಲಿ ಇರುವುದೂ ನಿಜ. ಒಂದರ ನೆನಪಿಗೆ ಇನ್ನೊಂದನ್ನು ಅಡ್ಡವಾಗಿ ನಿಲ್ಲಿಸುವುದು ರಾಜಕಾರಣದ ರೂಢಿಯಾಗಿರಬಹುದು, ಸಂಶೋಧನೆಯ ರೂಢಿಯಾಗಬಾರದು.

ಎರಡನೆಯವರು ದಲಿತ ಯುವಕರು. ಬಿ. ಶ್ಯಾಮಸುಂದರ್ ಅವರಂಥ ಶೋಷಿತ ವರ್ಗಗಳ ನಾಯಕರು ಆ ಕಾಲದಲ್ಲಿ ನಿಜಾಮ ಸರ್ಕಾರದ ಪರವಾಗಿ ನಿಂತರು. 1948ರಲ್ಲಿ ವಿಶ್ವಸಂಸ್ಥೆಗೆ ಹೋದ ಹೈದರಾಬಾದ್ ನಿಯೋಗದಲ್ಲಿಯೂ ಅವರಿದ್ದರು. ಅದೇ ಶ್ಯಾಮಸುಂದರ್ 1968ರಲ್ಲಿ ಕಲಬುರಗಿಯಲ್ಲಿ ಭೀಮಸೇನೆಯನ್ನು ಕಟ್ಟಿದರು. ಸವರ್ಣ ಗೌಡಕಿಯ ಹಳ್ಳಿಯಲ್ಲಿ ಬದುಕುತ್ತಿದ್ದ ದಲಿತ ಯುವಕನಿಗೆ 1948ರಲ್ಲಿ ಯಾವ ಪಕ್ಷ ತನ್ನದೆನಿಸಿತೆಂಬುದು ಸರಳ ಪ್ರಶ್ನೆಯಲ್ಲ. ಅದನ್ನು ದೇಶಭಕ್ತಿ ಮತ್ತು ದ್ರೋಹಗಳ ಭಾಷೆಯಲ್ಲಿ ಕೇಳಿದರೆ ಉತ್ತರವಾಗಿ ಮೌನವಷ್ಟೇ ದೊರೆಯುತ್ತದೆ. ಚಿಂಚೋಳಿ, ಸೇಡಂ, ಚಿತ್ತಾಪುರಗಳ ತಾಂಡಾಗಳ ಲಂಬಾಣಿ ಯುವಕರ ಮತ್ತು ಶಹಾಬಾದಿನ ಗಣಿ ಕೂಲಿಕಾರರ ನೆನಪುಗಳ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬೇಕಾಗುತ್ತದೆ.

6. ಮೂರು ಆಕ್ಷೇಪಗಳು

ಈ ಬಗೆಯ ಸಂಗ್ರಹಕ್ಕೆ ಮೂರು ಆಕ್ಷೇಪಗಳನ್ನು ನಿರೀಕ್ಷಿಸಬಹುದು. ಕಾಲ ಮೀರಿದೆಯೆಂಬುದು ಮೊದಲನೆಯದು. 1948ರಲ್ಲಿ ಹದಿನೆಂಟು ವರ್ಷದವರಾಗಿದ್ದವರು ಈಗ ತೊಂಬತ್ತೈದನ್ನು ದಾಟಿದ್ದಾರೆ, ನೇರ ಸಾಕ್ಷಿಗಳು ಬೆರಳೆಣಿಕೆಯಷ್ಟು. ಇದು ನಿಜ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಈ ಪೀಳಿಗೆಗೆ ಐವತ್ತರ ಆಸುಪಾಸಿನ ವಯಸ್ಸು. ಜನಪದ ಗೀತೆ, ಗಾದೆ, ಒಗಟುಗಳನ್ನು ಊರೂರು ತಿರುಗಿ ಸಂಗ್ರಹಿಸಿದ ಕನ್ನಡ ಸಂಶೋಧನೆಯು ಅದೇ ಊರುಗಳಲ್ಲಿ ಅದೇ ಹಿರಿಯರ ಬಾಯಿಂದ ಈ ನೆನಪುಗಳನ್ನು ಕೇಳುವ ಅವಕಾಶವನ್ನು ಬಹುಮಟ್ಟಿಗೆ ಕಳೆದುಕೊಂಡಿತೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಆದರೆ ಈಗ ಉಳಿದಿರುವುದು ನಿಷ್ಪ್ರಯೋಜಕವಲ್ಲ. ತಂದೆ ಹೇಳಿದುದನ್ನು ಮಗ, ಅಜ್ಜ ಹೇಳದೆ ಬಿಟ್ಟುದನ್ನು ಮೊಮ್ಮಗಳು ಹೇಗೆ ನೆನೆಯುತ್ತಾರೆಂಬುದೂ ಅಧ್ಯಯನದ ವಸ್ತುವೇ. ಎರಡನೆಯ ಪೀಳಿಗೆಯ ಮಾತನ್ನು ಮೊದಲ ಪೀಳಿಗೆಯ ಸಾಕ್ಷ್ಯವೆಂದು ತೋರಿಸದಿದ್ದರೆ ಸಾಕು.

ಆರಿದ ಗಾಯವನ್ನು ಕೆದಕುವುದೇಕೆ ಎಂಬುದು ಎರಡನೆಯ ಆಕ್ಷೇಪ. ಪ್ರತಿ ಸೆಪ್ಟೆಂಬರ್‌ನಲ್ಲಿ ವೇದಿಕೆಗಳಿಂದ ಕೇಳಿಬರುವ ಭಾಷಣಗಳನ್ನು ಗಮನಿಸಿದವರಿಗೆ ಗಾಯ ಆರಿಲ್ಲವೆಂಬುದು ತಿಳಿದೇ ಇದೆ. ಸಾಮಾನ್ಯೀಕರಿಸಿದ ಕಥೆಗಳು ಸಮುದಾಯಗಳ ಮೇಲೆ ಒಟ್ಟಾಗಿ ಆರೋಪ ಹೊರಿಸುತ್ತವೆ, ಒಬ್ಬೊಬ್ಬನ ನಿರ್ದಿಷ್ಟ ನೆನಪು ಹಾಗೆ ಮಾಡುವುದಿಲ್ಲ. ಮನೆಯೊಳಗೆ ನೆರೆಯವನನ್ನು ಅಡಗಿಸಿದ ಹಿಂದೂ, ನೆರೆಯವನಿಗೆ ಮುಂಚೆ ಸುಳಿವು ಕೊಟ್ಟ ಮುಸ್ಲಿಮ್ ಇಂಥವರು ಕಾಣಿಸಿಕೊಳ್ಳುವುದಾದರೆ ಅದು ವಿವರಗಳಲ್ಲಿಯೇ ಹೊರತು ಘೋಷಣೆಗಳಲ್ಲಿ ಅಲ್ಲ. ಆದರೂ ಈ ಆಕ್ಷೇಪದಲ್ಲಿರುವ ಎಚ್ಚರಿಕೆಯನ್ನು ಒಪ್ಪಬೇಕು. ಯಾರದೋ ಅಜ್ಜನನ್ನು ಕೊಲೆಗಾರನೆಂದು ಹೆಸರಿಸುವ ಹೇಳಿಕೆಯನ್ನು ಪರಿಶೀಲನೆಯಿಲ್ಲದೆ ಅಚ್ಚು ಮಾಡುವ ಹಕ್ಕು ಸಂಶೋಧಕನಿಗಿಲ್ಲ.

ಮೂರನೆಯ ಆಕ್ಷೇಪ ಹೋಲಿಕೆಯ ಬಗೆಗೆ. ಕಾನೂನಿನ ಬಲವುಳ್ಳ ಸೇನಾಭರ್ತಿಯನ್ನು ಕಾನೂನಿಲ್ಲದ ಒತ್ತಡಕ್ಕೆ ಹೋಲಿಸುವುದು ಸರಿಯೇ? ಎರಡೂ ಒಂದೇ ಅಲ್ಲ. ಲಾಟರಿಯ ಹಿಂದೆ ಪ್ರಭುತ್ವವು ಬಹಿರಂಗವಾಗಿ ನಿಂತಿತ್ತು, ಮೇಲ್ಮನವಿಯಿತ್ತು, ವಿರೋಧಿಸಲು ಒಂದು ಕಚೇರಿಯಿತ್ತು. ಇಲ್ಲಿ ಅದಾವುದೂ ಇರಲಿಲ್ಲ. ಆದರೆ ಈ ವ್ಯತ್ಯಾಸವೇ ಹೋಲಿಕೆಯ ಪ್ರಯೋಜನ. ಬಹಿರಂಗವಾದ ಬಲವಂತವನ್ನು ಅನುಭವಿಸಿದವನು ಮುಂದೆ 'ನನ್ನನ್ನು ಕರೆದರು' ಎಂದು ಹೇಳಬಲ್ಲನು. ಹೆಸರಿಲ್ಲದ ಬಲವಂತವನ್ನು ಅನುಭವಿಸಿದವನು 'ನನ್ನ ನಸೀಬು' ಎಂದಷ್ಟೇ ಹೇಳಬಲ್ಲನು. ಆ ಪದದ ಹಿಂದಿರುವ ಪಟೇಲ, ಅಮೀನ, ಸಾಹುಕಾರ, ದಳದ ಮುಖಂಡ, ಸೈನಿಕರನ್ನು ಹುಡುಕುವುದು ಸಂಶೋಧಕನ ಕೆಲಸ.

7. ಆಗಬೇಕಾದ ಕೆಲಸ

ಈ ಹಿನ್ನೆಲೆಯಲ್ಲಿ ಕನ್ನಡ ವಿಭಾಗಗಳು ಕೈಗೊಳ್ಳಬಹುದಾದ ಕೆಲವು ಕಾರ್ಯಗಳನ್ನು ಸೂಚಿಸಬಹುದು. ಮೊದಲನೆಯದಾಗಿ, ಐದು ಊರುಗಳಂಥ ಸಣ್ಣ ಪರಿಸರವನ್ನು ಆಯ್ದುಕೊಂಡು, ರೈಲು, ರಸ್ತೆ, ನದಿ, ಕಾರ್ಖಾನೆ, ಜಾಗೀರುಗಳ ನಕ್ಷೆಯೊಡನೆ ನೆನಪುಗಳನ್ನು ಇಟ್ಟು ಓದಬೇಕು. ಇಡೀ ವಿಭಾಗದ ಚರಿತ್ರೆಯನ್ನು ಒಂದೇ ಪ್ರಬಂಧದಲ್ಲಿ ಹೇಳುವ ರೂಢಿಯಿಂದ ಹೊರಬರಬೇಕು.

ಎರಡನೆಯದಾಗಿ, ಉರ್ದುವಿನ ಓದು. ಸಂಸ್ಥಾನದ ಆಡಳಿತ ಭಾಷೆ ಉರ್ದು. ಪೊಲೀಸ್, ಕಂದಾಯ, ಕಾರಾಗೃಹಗಳ ಕಾಗದಪತ್ರಗಳು ಆ ಲಿಪಿಯಲ್ಲಿವೆ. ಆ ಪೀಳಿಗೆಯ ಎಷ್ಟೋ ಕನ್ನಡಿಗರು ಶಾಲೆಯಲ್ಲಿ ಓದಿದುದೂ ಉರ್ದುವನ್ನೇ. ಹಳಗನ್ನಡ ಮತ್ತು ಶಾಸನ ಲಿಪಿಗಳ ತರಬೇತಿ ನೀಡುವ ವಿಭಾಗಗಳು ಈ ಭಾಗದ ಸಂಶೋಧನಾ ವಿದ್ಯಾರ್ಥಿಗಳಿಗೆ ಉರ್ದು ಲಿಪಿಯ ತರಬೇತಿಯನ್ನೂ ನೀಡಬೇಕು. ಇದರೊಡನೆ ಫಸಲಿ ಕಾಲಗಣನೆಯ ತಿಳಿವಳಿಕೆಯೂ ಅಗತ್ಯ. ಸಂಸ್ಥಾನದ ಫಸಲಿ ವರ್ಷ ಅಕ್ಟೋಬರ್ ತಿಂಗಳಲ್ಲಿ ಆರಂಭವಾಗುತ್ತಿದ್ದುದರಿಂದ ಯಥಾಸ್ಥಿತಿ ಒಪ್ಪಂದದಿಂದ ಶರಣಾಗತಿಯವರೆಗಿನ ಘಟನೆಗಳೆಲ್ಲ ಫಸಲಿ 1357 ಎಂಬ ಒಂದೇ ವರ್ಷದಲ್ಲಿ ಬರುತ್ತವೆ. ಹಿರಿಯರು 'ಅದೇ ವರ್ಷ' ಎಂದುದನ್ನು ಎರಡು ಇಸವಿಗಳಾಗಿ ಒಡೆದು, ಅವರ ನೆನಪು ತಪ್ಪಿದೆಯೆಂದು ಬರೆಯುವ ಅಪಾಯ ಇದರಿಂದ ತಪ್ಪುತ್ತದೆ.

ಮೂರನೆಯದಾಗಿ, ನೆನಪನ್ನು ಹೇಳಿದವರ ಕನ್ನಡದಲ್ಲಿಯೇ ದಾಖಲಿಸಬೇಕು. ಸೇಡಂ ಮತ್ತು ಚಿಂಚೋಳಿಯ ಮಾತಿನಲ್ಲಿ ತೆಲುಗು, ದಖನಿ, ಮರಾಠಿಗಳ ಬೆರಕೆಯಿದೆ. ಲಂಬಾಣಿಗರ ಕನ್ನಡಕ್ಕೆ ತನ್ನದೇ ವಾಕ್ಯರಚನೆಯಿದೆ. ಇದನ್ನು ಗ್ರಂಥಸ್ಥ ಕನ್ನಡಕ್ಕೆ ತಿದ್ದಿದಾಗ 'ಸೇರಿದೆ', 'ಸೇರಿಸಿದರು', 'ಸೇರಬೇಕಾಯಿತು' ಎಂಬ ರೂಪಗಳ ನಡುವಿನ ಅಂತರವೇ ಅಳಿಸಿಹೋಗುತ್ತದೆ. ಆ ಅಂತರದಲ್ಲಿಯೇ ಈ ಲೇಖನ ಎತ್ತಿರುವ ಪ್ರಶ್ನೆಗೆ ಉತ್ತರವಿದೆ. ನಾಲ್ಕನೆಯದಾಗಿ, ಹೇಳಿದವರ ಮತ್ತು ಹೇಳಿಕೆಯಲ್ಲಿ ಬರುವವರ ಹೆಸರುಗಳನ್ನು ಗೋಪ್ಯವಾಗಿಡುವ, ಧ್ವನಿಮುದ್ರಣಗಳನ್ನು ವಿಭಾಗದ ಗ್ರಂಥಾಲಯದಲ್ಲಿ ಸುರಕ್ಷಿತವಾಗಿಡುವ ಒಂದು ನಿಯಮ ಬೇಕು. ಸಂಶೋಧಕನ ಖಾಸಗಿ ಪೆಟ್ಟಿಗೆಯಲ್ಲಿ ಉಳಿದ ಧ್ವನಿಮುದ್ರಣ ಅವನೊಡನೆಯೇ ಮರೆಯಾಗುತ್ತದೆ.

ಸೇಡಂ ತಾಲ್ಲೂಕಿನ ಮಳಖೇಡ ಕನ್ನಡ ಸಾಹಿತ್ಯ ಚರಿತ್ರೆಯ ಆರಂಭದ ಪುಟಗಳಲ್ಲಿ ಬರುವ ಹೆಸರು. ಚಿತ್ತಾಪುರದ ಸಮೀಪದ ನಾಗಾವಿಯ ಘಟಿಕಾಸ್ಥಾನವನ್ನು ಪ್ರತಿಯೊಬ್ಬ ಶಾಸನ ವಿದ್ಯಾರ್ಥಿಯೂ ಬಲ್ಲನು. ಸಾವಿರ ವರ್ಷಗಳ ಹಿಂದಿನ ದಾನಪತ್ರದಲ್ಲಿ ದಾನಿಯ ತಂದೆಯ ಹೆಸರಿಗಾಗಿ ವರ್ಷಗಟ್ಟಲೆ ಶ್ರಮಿಸುವ ಸಂಶೋಧನೆಯು, ಅದೇ ಕಾಗಿಣಾ ನದಿಯ ದಂಡೆಯಲ್ಲಿ 1948ರಲ್ಲಿ ಇಪ್ಪತ್ತು ವರ್ಷದವನಾಗಿದ್ದ ಒಬ್ಬನ ಮಾತನ್ನು ಕೇಳಿಸಿಕೊಳ್ಳದೆ ಬಿಟ್ಟಿತು. ಅವನಿಗೆ ಯಾರೂ ಸಂಖ್ಯೆಯನ್ನು ಕೊಡಲಿಲ್ಲ, ಕರೆಪತ್ರವನ್ನೂ ಕಳಿಸಲಿಲ್ಲ. ತನ್ನ ಪಾಲಿಗೆ ಬಂದುದನ್ನು ಅವನು ನಸೀಬೆಂದು ಕರೆದು ಸುಮ್ಮನಾದನು. ಅದರಲ್ಲಿ ಅವನ ರಜಾ ಎಷ್ಟಿತ್ತೆಂದು ಕೇಳಬೇಕಾಗಿದ್ದವರು ಕೇಳಲಿಲ್ಲ. ಅವನ ಮಕ್ಕಳು ಈಗ ಎಪ್ಪತ್ತರ ಹತ್ತಿರದಲ್ಲಿದ್ದಾರೆ. ಅವರನ್ನಾದರೂ ಕೇಳುವ ಕೆಲಸ ಮುಂದಿನ ವಿಚಾರ ಸಂಕಿರಣಕ್ಕೆ ಕಾಯದೆ ಆರಂಭವಾಗಬೇಕು.